ಷರಾ ಕಾಲಂನಲ್ಲಿ ಸಿಕ್ಕ ಪಾಠಗಳು

ಹಳ್ಳಿಯ ಸೇವೆಗಳಲ್ಲಿ ಲೆಕ್ಕಕ್ಕೆ ಬರ ಬಂದದ್ದನ್ನು ನಾನು ಕಂಡಿಲ್ಲ. ಅಂಗನವಾಡಿ ಟೀಚರ್ ಹತ್ತಿರ ಮನೆ ಸಮೀಕ್ಷೆ, ಆಹಾರದ ದಾಸ್ತಾನು, ಹಾಜರಿ, ತೂಕ ಹೀಗೆ ಸಾಲು ಸಾಲು ರಿಜಿಸ್ಟರ್. ಆಶಾ ಹತ್ತಿರ ಅವರ ಡೈರಿ. ಉಪಕೇಂದ್ರದ ಸಿಸ್ಟರ್ ಹತ್ತಿರ ತಾಯಿ-ಮಗುವಿನ ರಿಜಿಸ್ಟರ್. 2021ರಿಂದ ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಕೂಡ ಬಂತು. ಇಷ್ಟೆಲ್ಲ ಬರೆದ ಮೇಲೂ ನಾಳೆ ಬೆಳಿಗ್ಗೆ ಯಾರ ಮನೆಗೆ ಮೊದಲು ಹೋಗಬೇಕು ಎಂಬ ಪ್ರಶ್ನೆ ಬಂದಾಗ ಟೀಚರ್ ತನ್ನ ನೆನಪನ್ನೇ ನಂಬಬೇಕು. ಬರೆದದ್ದು ತಾಲ್ಲೂಕಿಗೆ, ಜಿಲ್ಲೆಗೆ, ಅಲ್ಲಿಂದಾಚೆಗೆ ಹೋಗುತ್ತದೆ. ಬರೆದವಳ ಕೈಗೆ ಮರಳಿ ಬರುವುದು ಅಪರೂಪ.

ತುಂಗಭದ್ರಾ ಬಯಲಿನ ಒಂದು ತಾಲ್ಲೂಕಿನಲ್ಲಿ ಇವರೊಂದಿಗೆ ಕೆಲಸ ಮಾಡುತ್ತಾ ಬಂದಿದ್ದೇನೆ. ನನ್ನ ಸಲಕರಣೆಗಳು ಎಲ್ಲರಿಗೂ ಸಿಗುವಂಥವು: ಎಕ್ಸೆಲ್, ಫೋನಿನಲ್ಲಿ ಫಾರಂ ತುಂಬಿಸುವ ಕೋಬೋ ಟೂಲ್‌ಬಾಕ್ಸ್, ವಾಟ್ಸ್ಆ್ಯಪ್, ಒಂದು ಪ್ರಿಂಟರ್. ಲೆಕ್ಕವನ್ನು ಬರೆದವರ ಕೈಗೇ ಮರಳಿಸುವುದು ನಮ್ಮ ಉದ್ದೇಶ. ಅದಕ್ಕೆ ನಡೆಸಿದ ಪ್ರಯತ್ನಗಳಲ್ಲಿ ಕೆಲವು ನಿಂತವು, ಹಲವು ಬಿದ್ದವು. ಈ ದಾರಿಗೆ ಹೊಸದಾಗಿ ಬರುವವರಿಗೆ ಬಿದ್ದವುಗಳ ವಿವರವೇ ಹೆಚ್ಚು ಉಪಯೋಗಕ್ಕೆ ಬರಬಹುದು.

1. ಹೊಸ ಫಾರಂ ಮಾಡುವ ಮೊದಲು ಹಳೆಯ ರಿಜಿಸ್ಟರ್ ಓದಿ.

ನಾನು ಮೊದಲು ಮಾಡಿದ ಕೆಲಸ ಕೋಬೋದಲ್ಲಿ ಒಂದು ಉದ್ದನೆಯ ಫಾರಂ. ಮಗುವಿನ ತೂಕ, ತಾಯಿಯ ಊಟ, ಮನೆಯ ಶೌಚಾಲಯ, ಕುಡಿಯುವ ನೀರು, ಏನೂ ಬಿಡಲಿಲ್ಲ. ಟೀಚರ್‌ಗಳು ಬೇಡವೆನ್ನಲಿಲ್ಲ. ರಾತ್ರಿ ಮನೆಗೆಲಸ ಮುಗಿಸಿ, ರಿಜಿಸ್ಟರ್ ಮುಂದಿಟ್ಟುಕೊಂಡು, ಅದರಲ್ಲಿದ್ದದ್ದನ್ನೇ ಫೋನಿಗೆ ಇಳಿಸಿದರು. ಎಂಟ್ರಿಯಾದ ಸಮಯ ನೋಡಿದಾಗ ಬಹುಪಾಲು ರಾತ್ರಿ ಒಂಬತ್ತರ ನಂತರದವು. ಮನೆ ಭೇಟಿಯ ಫಾರಂ ಒಂದೂ ಮನೆ ಭೇಟಿಯಲ್ಲಿ ತುಂಬಿದ್ದಲ್ಲ. ಒಂದೇ ಮಾಹಿತಿಯನ್ನು ಅವರು ಮೂರನೇ ಸಲ ಬರೆಯುವಂತೆ ಮಾಡಿದ್ದೆ, ಅಷ್ಟೇ.

ಆ ಫಾರಂ ನಿಲ್ಲಿಸಿ, ಒಂದು ಸರ್ಕಲ್‌ನ (ಒಬ್ಬ ಮೇಲ್ವಿಚಾರಕಿಯ ಕೆಳಗಿನ ಅಂಗನವಾಡಿಗಳ) ತೂಕದ ರಿಜಿಸ್ಟರ್‌ಗಳನ್ನು ತರಿಸಿಕೊಂಡು ಓದಲು ಕೂತೆವು. ಪ್ರತಿ ಪುಟದ ಕೊನೆಯಲ್ಲಿ ಷರಾ ಕಾಲಂ. ಯಾವ ವರದಿಗೂ ಹೋಗದ, ಯಾವ ಆ್ಯಪ್‌ನಲ್ಲೂ ಇಲ್ಲದ ಕಾಲಂ ಅದು. 'ತವರಿಗೆ ಹೋಗಿದ್ದಾಳೆ.' 'ಜ್ವರ, ತೂಕ ಮಾಡಿಲ್ಲ.' 'ಅತ್ತೆ ಬೇಡ ಅಂದರು.' 'ಗಂಡನ ಜೊತೆ ಬೆಂಗಳೂರು.' 'ಜೋಲಿ ಹರಿದಿದೆ.' ಒಂದು ಮಧ್ಯಾಹ್ನ ಇವನ್ನು ಗೀಟು ಎಳೆದು ಎಣಿಸಿದೆವು. ತೂಕ ಆಗದ ಮಕ್ಕಳಿಗೆ ಕಾರಣ ತಾಯಂದಿರ ಅಸಡ್ಡೆ ಎಂದು ಸಭೆಗಳಲ್ಲಿ ಕೇಳಿಬರುವ ಮಾತು. ಷರಾ ಓದಿದರೆ ಊರಲ್ಲೇ ಇಲ್ಲದವರು ಮತ್ತು ಕೆಟ್ಟುಹೋದ ಸಾಮಾನು, ಈ ಎರಡೇ ದೊಡ್ಡ ಕಾರಣಗಳು. ಮಗುವನ್ನು ಕೂರಿಸಿ ತೂಗುವ ಜೋಲಿ ಹೊಲಿಸಲು ಸಮೀಕ್ಷೆ ಬೇಕಿರಲಿಲ್ಲ. ಯಾರಾದರೂ ಆ ಕಾಲಂ ಓದಬೇಕಿತ್ತು.

2. ಶೇಕಡಾವಾರು ಬೇಡ, ಹೆಸರು ಕೊಡಿ.

'ಈ ಉಪಕೇಂದ್ರದ ಲಸಿಕೆ ಶೇಕಡಾ ಇಷ್ಟು' ಎಂಬ ಮಾತಿನಿಂದ ಆಶಾ ಏನು ಮಾಡಬೇಕು? ಆಕೆಗೆ ಬೇಕಾದದ್ದು ಗುರುವಾರದ ಲಸಿಕೆಗೆ ಯಾರನ್ನು ಕರೆಯಬೇಕು ಎಂಬುದು. ಹಾಗಾಗಿ ಬಣ್ಣದ ನಕ್ಷೆಗಳನ್ನು ಬಿಟ್ಟು, ಬುಧವಾರ ಬೆಳಿಗ್ಗೆ ಕೈಗೆ ಸಿಗುವಂತೆ ಒಂದು ಹಾಳೆಯ ಬಾಕಿ ಪಟ್ಟಿ ಕೊಡತೊಡಗಿದೆವು. ತಾಯಿಯ ಹೆಸರು, ಮಗುವಿನ ಹೆಸರು, ಯಾವ ಲಸಿಕೆ, ಯಾವಾಗಿನಿಂದ ಬಾಕಿ.

ಪೆಂಟಾವಲೆಂಟ್ ಲಸಿಕೆ ಆರು, ಹತ್ತು ಮತ್ತು ಹದಿನಾಲ್ಕು ವಾರಕ್ಕೆ. ಎಕ್ಸೆಲ್‌ನಲ್ಲಿ ಹುಟ್ಟಿದ ತಾರೀಖಿಗೆ 42, 70, 98 ದಿನ ಕೂಡಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಪಟ್ಟಿ ನೋಡಿದ ಸಿಸ್ಟರ್ ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಸರ್, ಈ ಕೂಸಿಗೆ ಮೊದಲನೇ ಡೋಸ್ ಕೊಟ್ಟಿದ್ದೇ ಹೋದ ವಾರ ರೀ. ನಿಮ್ಮ ಪಟ್ಟ್ಯಾಗ ಎರಡನೇದು ಈ ವಾರ ಅಂತ ಐತಿ. ನಾಕು ವಾರ ಆಗೋತನಕ ಕೊಡಂಗಿಲ್ರಿ." ಮಗು ತಡವಾಗಿ ಬಂದರೆ ಮುಂದಿನ ಡೋಸನ್ನು ಹುಟ್ಟಿದ ದಿನದಿಂದ ಎಣಿಸುವಂತಿಲ್ಲ, ಹಿಂದಿನ ಡೋಸ್ ಕೊಟ್ಟ ದಿನದಿಂದ ಕನಿಷ್ಠ 28 ದಿನ ಬಿಡಬೇಕು. ಈಗ ಸೂತ್ರ ಎರಡೂ ತಾರೀಖುಗಳನ್ನು ಲೆಕ್ಕ ಹಾಕಿ, ಯಾವುದು ತಡವೋ ಅದನ್ನು ಇಟ್ಟುಕೊಳ್ಳುತ್ತದೆ. ಸಿಸ್ಟರ್ ಕಣ್ಣು ತಪ್ಪಿದ್ದರೆ ಆ ಪಟ್ಟಿ ಒಂದು ಮಗುವಿಗೆ ಅಕಾಲದಲ್ಲಿ ಚುಚ್ಚಿಸುತ್ತಿತ್ತು. ಅಂದಿನಿಂದ ಯಾವ ಪಟ್ಟಿಯೂ ಸಿಸ್ಟರ್ ನೋಡಿ ಒಪ್ಪದೆ ಪ್ರಿಂಟ್ ಆಗುವುದಿಲ್ಲ.

ಇನ್ನೊಂದು ತಿದ್ದುಪಡಿ ಆಶಾಗಳಿಂದ ಬಂತು. ನಾನು ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿದ್ದೆ. ಅವರು ಅದನ್ನು ತೆಗೆದುಕೊಂಡು ಹೋಗಿ, ಹಿಂಬದಿಯಲ್ಲಿ ಓಣಿಯ ಪ್ರಕಾರ ಮತ್ತೆ ಬರೆದುಕೊಳ್ಳುತ್ತಿದ್ದರು. ನಡೆಯುವವರಿಗೆ ಬೇಕಾದದ್ದು ನಡೆಯುವ ದಾರಿಯ ಕ್ರಮ. ಈಗ ಮೊದಲ ಕಾಲಂ ಓಣಿ, ಎರಡನೆಯದು ಮನೆಯ ಗುರುತು: 'ಹಿಟ್ಟಿನ ಗಿರಣಿ ಹಿಂದೆ', 'ಹನುಮಪ್ಪನ ಗುಡಿ ಎದುರು'. ಮನೆ ನಂಬರಿಗಿಂತ ಇದು ಬೇಗ ದಾರಿ ತೋರಿಸುತ್ತದೆ.

3. ತೂಕದ ಕೊನೆಯ ಅಂಕಿಯನ್ನು ನೋಡಿ, ಆಮೇಲೆ ತಕ್ಕಡಿಯನ್ನು ನೋಡಿ.

ತೂಕದ ಅಂಕಿಅಂಶ ಕೈಗೆ ಬಂದ ಕೂಡಲೇ ನಾನೀಗ ಮಾಡುವ ಮೊದಲ ಕೆಲಸ ಇದು, ಕಲಿಸಲೂ ಸುಲಭ. ತೂಕವನ್ನು ನೂರು ಗ್ರಾಂವರೆಗೆ ಬರೆಯುವುದಾದರೆ ದಶಾಂಶದ ಮುಂದಿನ ಅಂಕಿ 0ಯಿಂದ 9ರವರೆಗೆ ಯಾವುದಾದರೂ ಇರಬಹುದು. ನೂರಾರು ಮಕ್ಕಳ ತೂಕ ಸೇರಿಸಿದರೆ ಹತ್ತೂ ಅಂಕಿಗಳು ಹೆಚ್ಚು ಕಡಿಮೆ ಸಮನಾಗಿ ಬರಬೇಕು. ಎಕ್ಸೆಲ್‌ನಲ್ಲಿ ಕೊನೆಯ ಅಕ್ಷರ ಕಿತ್ತುಕೊಳ್ಳುವ ಸೂತ್ರ ಇಲ್ಲಿ ಕೈಕೊಡುತ್ತದೆ, ಯಾಕೆಂದರೆ 7.0 ಎಂದು ಬರೆದದ್ದನ್ನು ಅದು ಬರೀ 7 ಎಂದು ಇಟ್ಟುಕೊಳ್ಳುತ್ತದೆ. ತೂಕವನ್ನು ಹತ್ತರಿಂದ ಗುಣಿಸಿ ಪೂರ್ಣಾಂಕ ಮಾಡಿ, ಅದನ್ನು ಹತ್ತರಿಂದ ಭಾಗಿಸಿದರೆ ಉಳಿಯುವ ಶೇಷವನ್ನು ಎಣಿಸಿ. ನಮ್ಮ ಒಂದು ಸರ್ಕಲ್‌ನಲ್ಲಿ ಬಹುಪಾಲು ತೂಕಗಳು 0 ಇಲ್ಲವೇ 5ರಲ್ಲಿ ಮುಗಿಯುತ್ತಿದ್ದವು.

ಕೆಲವರಿಗೆ ಇದನ್ನು ಕಂಡ ಕೂಡಲೇ 'ಕೂತಲ್ಲೇ ಬರೆದಿದ್ದಾರೆ' ಎನ್ನಿಸುತ್ತದೆ. ಆ ಕೇಂದ್ರಗಳಿಗೆ ಹೋಗಿ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ತಕ್ಕಡಿ ಬೇವಿನ ಕೊಂಬೆಗೆ ನೇತು ಹಾಕಿದ್ದು. ಮಗು ಜೋಲಿಯಲ್ಲಿ ಕಿರುಚುತ್ತಾ ಒದೆಯುತ್ತಿದೆ. ಮುಳ್ಳು ಆರೂಕಾಲರಿಂದ ಆರೂಮುಕ್ಕಾಲರ ನಡುವೆ ಓಲಾಡುತ್ತಿದೆ. ತಾಯಿ "ಸಾಕು ಇಳಿಸ್ರೀ" ಎನ್ನುತ್ತಿದ್ದಾಳೆ. ಟೀಚರ್ ನಡುವಿನ ದಪ್ಪ ಗೆರೆ ನೋಡಿ ಆರೂವರೆ ಎಂದು ಬರೆಯುತ್ತಾರೆ. ಯಾರೇ ಆದರೂ ಹಾಗೆಯೇ ಬರೆಯುತ್ತಾರೆ.

ಆ ಆರೂವರೆಯ ಬೆಲೆ ಏನೆಂದು ತಿಳಿದರೆ ಮಾತ್ರ ಇದು ಮುಖ್ಯವೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡದಲ್ಲಿ ಒಂದು ವರ್ಷದ ಹೆಣ್ಣುಮಗುವಿನ ನಡುವಿನ ತೂಕ 8.9 ಕಿಲೋ. 7.0ಕ್ಕಿಂತ ಕಡಿಮೆಯಾದರೆ ಕಡಿಮೆ ತೂಕ, 6.3ಕ್ಕಿಂತ ಕಡಿಮೆಯಾದರೆ ತೀವ್ರ ಕಡಿಮೆ ತೂಕ. ನಿಜವಾದ ತೂಕ 6.2 ಇದ್ದ ಮಗು 6.5 ಎಂದು ಬರೆಸಿಕೊಂಡರೆ, ತುರ್ತಾಗಿ ನೋಡಬೇಕಾದವರ ಸಾಲಿನಿಂದ ಹೊರಗೆ ಬರುತ್ತದೆ. ಜೋಲಿಯ ತೂಕ ಕಳೆಯದಿದ್ದರೂ ಹೀಗೇ ಆಗುತ್ತದೆ.

ಆದ್ದರಿಂದ ಕೊನೆಯ ಅಂಕಿಯ ಪಟ್ಟಿಯನ್ನು ನಾವು ತಕ್ಕಡಿ ಪರೀಕ್ಷೆಗೆ ಬಳಸುತ್ತೇವೆ. ರೇಷನ್ ಅಂಗಡಿಯಿಂದ ಮುದ್ರೆ ಒತ್ತಿದ 5 ಕಿಲೋ ತೂಕದ ಕಲ್ಲು ತಂದು ನೇತು ಹಾಕಿ ನೋಡುವುದು, ಜೋಲಿ ಹಾಕಿದ ಮೇಲೆ ಮುಳ್ಳನ್ನು ಸೊನ್ನೆಗೆ ತರುವುದು, ಮಗು ಅತ್ತರೆ ತಾಯಿಗೆ ಕೊಟ್ಟು ಸಮಾಧಾನವಾದ ಮೇಲೆ ಮತ್ತೆ ತೂಗುವುದು. ಬ್ಯಾಟರಿ ತಕ್ಕಡಿ ಇರುವಲ್ಲಿ ಬದಲಿ ಸೆಲ್ ಇದೆಯೇ ಎಂದು ನೋಡುವುದು. ಅನುಮಾನ ಉಳಿದರೆ ತೋಳಿನ ಸುತ್ತಳತೆಯ ಟೇಪು: ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, 125ರವರೆಗೆ ಹಳದಿ. ಎತ್ತರದಲ್ಲೂ ಒಂದು ಸಣ್ಣ ವಿಷಯವಿದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ. ಎರಡರ ನಡುವೆ 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಹೇಗೆ ಅಳೆದಿರಿ ಎಂದು ಬರೆಯಲು ಜಾಗವಿಲ್ಲದ ಹಾಳೆಯಲ್ಲಿ ಮಗು ಒಂದೇ ತಿಂಗಳಲ್ಲಿ ಕುಗ್ಗಿದಂತೆ ಕಾಣುವುದುಂಟು.

4. ಹೆಸರು ಕನ್ನಡದಲ್ಲಿರಲಿ, ಯುನಿಕೋಡ್‌ನಲ್ಲಿರಲಿ.

ಹಳೆಯ ಪಟ್ಟಿಗಳು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕಲಾಗದು, ಜೋಡಿಸಲಾಗದು. ಪರಿವರ್ತಕ ಬಳಸಿ ಒಮ್ಮೆ ಯುನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿಟ್ಟುಕೊಳ್ಳಿ. ಹಾಗೆಯೇ, ಹೆಸರಿನ ಮೇಲೆ ಎರಡು ಪಟ್ಟಿಗಳನ್ನು ಹೊಂದಿಸಲು ಹೋಗಬೇಡಿ. ಒಬ್ಬಳೇ ಹೆಣ್ಣುಮಗಳು ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಲಕ್ಷ್ಮೀಬಾಯಿ, ಮತ್ತೊಂದು ಕಡೆ ಲಕ್ಷ್ಮವ್ವ. ನಾಮಕರಣ ಆಗುವವರೆಗೆ ಮಗುವಿಗೆ ಹೆಸರೇ ಇರುವುದಿಲ್ಲ. ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನ ಸಂಖ್ಯೆ ಹಿಡಿದು ಹೋದರೆ ಇದರಲ್ಲಿ ಬಹಳಷ್ಟು ತೊಡಕು ತಪ್ಪುತ್ತದೆ.

5. ಕೆಂಪು ಬಣ್ಣವನ್ನು ಸಭೆಯಲ್ಲಿ ತೋರಿಸಬೇಡಿ.

ನನಗೆ ಇಂದಿಗೂ ನೋವು ಕೊಡುವುದು ಇದೇ ಪಾಠ. ಕೇಂದ್ರವಾರು ಅಪೌಷ್ಟಿಕ ಮಕ್ಕಳ ಸಂಖ್ಯೆಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿ ಒಂದು ಕೋಷ್ಟಕ ಮಾಡಿದ್ದೆ. ಸಹಾಯ ಎಲ್ಲಿ ಮೊದಲು ಬೇಕೆಂದು ಗೊತ್ತಾಗಲಿ ಎಂಬುದು ನನ್ನ ಆಸೆ. ಮಾಸಿಕ ಸಭೆಯಲ್ಲಿ ಅದನ್ನು ಗೋಡೆಯ ಮೇಲೆ ಹಾಕಿದಾಗ ಕೆಂಪಿನಲ್ಲಿದ್ದ ಕೇಂದ್ರಗಳ ಟೀಚರ್‌ಗಳನ್ನು ಒಬ್ಬೊಬ್ಬರಾಗಿ ಎದ್ದು ನಿಲ್ಲಿಸಿ ಕಾರಣ ಕೇಳಲಾಯಿತು. ಮುಂದಿನ ತಿಂಗಳು ಕೋಷ್ಟಕ ಪೂರ್ತಿ ಹಸಿರಾಗಿತ್ತು. ಮಕ್ಕಳು ಮೊದಲಿನಂತೆಯೇ ಇದ್ದರು, ಅವರ ತೂಕ ಮಾತ್ರ ಹಾಳೆಯಲ್ಲಿ ಏರಿತ್ತು.

ಹೆಚ್ಚು ಕೆಂಪು ತೋರಿಸಿದ್ದ ಕೇಂದ್ರಗಳಲ್ಲಿ ಒಂದರ ಟೀಚರ್ ಮನೆಮನೆಗೆ ಹೋಗಿ ಬಾರದ ಮಕ್ಕಳನ್ನೂ ಎತ್ತಿಕೊಂಡು ಬಂದು ತೂಗಿದವರು. ಶ್ರದ್ಧೆಯಿಂದ ಹುಡುಕಿದವರಿಗೇ ಶಿಕ್ಷೆಯಾದಂತಾಯಿತು. ಚಿಕ್ಕ ಕೇಂದ್ರಗಳ ಪಾಡು ಇನ್ನೊಂದು ಬಗೆ. ಹನ್ನೆರಡು ಮಕ್ಕಳಿರುವ ಕಡೆ ಒಂದು ಮಗು ಬದಲಾದರೆ ಶೇಕಡಾ ಎಂಟರಷ್ಟು ಏರುಪೇರು. ಅಲ್ಲಿ ಶೇಕಡಾವಾರಿನಲ್ಲಿ ಶ್ರೇಯಾಂಕ ಕೊಡುವುದರಲ್ಲಿ ಹುರುಳೇ ಇಲ್ಲ.

ಕೋಷ್ಟಕ ತೆಗೆದುಹಾಕಿದರೂ ಹೋದ ನಂಬಿಕೆ ಬೇಗ ಮರಳಲಿಲ್ಲ. ಕೊನೆಗೆ ಸಹಾಯವಾದದ್ದು ಒಂದು ಸಣ್ಣ ಏರ್ಪಾಡು. ತೀವ್ರ ಅಪೌಷ್ಟಿಕತೆಯ ಮಗುವನ್ನು ಗುರುತಿಸಿ ಹೇಳಿದ ಟೀಚರ್‌ಗೆ ಅದೇ ವಾರ ವೈದ್ಯರ ತಪಾಸಣೆ, ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯಲು ಗಾಡಿ, ತಾಯಿಯನ್ನು ಒಪ್ಪಿಸಲು ಜೊತೆಗೊಬ್ಬರು. ಅಲ್ಲಿ ಎರಡು ವಾರದಷ್ಟು ದಿನ ಉಳಿಯಬೇಕಾಗುತ್ತದೆ. ಮನೆಯಲ್ಲಿ ಇನ್ನೆರಡು ಮಕ್ಕಳನ್ನು ಬಿಟ್ಟು, ಕೂಲಿ ಬಿಟ್ಟು ಹೋಗಲು ತಾಯಿ ಹಿಂಜರಿಯುವುದು ಸಹಜ. ಹೋಗುವ ಅವಧಿಯ ಕೂಲಿ ನಷ್ಟಕ್ಕೆ ಪರಿಹಾರ ಸಿಗುತ್ತದೆ ಎಂಬುದನ್ನು ಮೊದಲೇ ತಿಳಿಸಿ ಹೇಳಿದರೆ ಕೆಲವರು ಒಪ್ಪುತ್ತಾರೆ. ನಿಜ ಬರೆದರೆ ಸಹಾಯ ಬರುತ್ತದೆ ಎಂದು ಕಂಡ ಮೇಲೆ ಅಂಕಿಗಳು ನಿಧಾನವಾಗಿ ನಿಜದ ಹತ್ತಿರ ಬಂದವು. ಆಗ ನಮ್ಮ ತಾಲ್ಲೂಕಿನ ಚಿತ್ರ ಮೊದಲಿಗಿಂತ ಕೆಟ್ಟದಾಗಿ ಕಂಡಿತು. ಅದನ್ನು ಮೇಲಿನವರಿಗೆ ವಿವರಿಸುವುದೂ ನಮ್ಮ ಕೆಲಸವೇ.

6. ಪಟ್ಟಿಯ ಫೋಟೊ ಗ್ರೂಪಿಗೆ ಹಾಕಬೇಡಿ.

ಬಾಕಿ ಪಟ್ಟಿಯ ಚಿತ್ರ ವಾಟ್ಸ್ಆ್ಯಪ್ ಗ್ರೂಪಿಗೆ ಬಿದ್ದರೆ ಅರ್ಧ ಗಂಟೆಯಲ್ಲಿ ಊರಿಡೀ ತಿರುಗುತ್ತದೆ. ಗರ್ಭಿಣಿಯ ಹೆಸರು, ಅವಳ ರಕ್ತದ ವರದಿ, ಗಂಡನ ಫೋನ್ ನಂಬರ್ ಎಲ್ಲ ಇಂಥ ಪಟ್ಟಿಗಳಲ್ಲಿ ಸೇರಿಕೊಳ್ಳುವುದುಂಟು. ಮೂರು ತಿಂಗಳಾಗುವವರೆಗೆ ಮನೆಯವರಿಗೂ ಹೇಳದ ಹೆಣ್ಣುಮಕ್ಕಳು ನಮ್ಮ ಕಡೆ ಬಹಳ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾನೂನೇ ಬಂದಿದೆ. ಕಾನೂನು ಇರದಿದ್ದರೂ ಇದು ನಾವು ಪಾಲಿಸಬೇಕಾದ ಮರ್ಯಾದೆ. ನಮ್ಮಲ್ಲಿ ಒಬ್ಬ ಆಶಾಗೆ ಅವರ ಊರಿನ ಹಾಳೆ ಮಾತ್ರ, ಅದೂ ಕಾಗದದಲ್ಲಿ. ಕಾಯಿಲೆಯ ವಿವರ ಅದರಲ್ಲಿ ಇರುವುದಿಲ್ಲ, 'ಸಿಸ್ಟರನ್ನು ಕಾಣಬೇಕು' ಎಂದಷ್ಟೇ ಇರುತ್ತದೆ.

7. ಒಂದು ಕಾಲಂ ಸೇರಿಸಿದರೆ ಒಂದು ಕಾಲಂ ತೆಗೆಯಿರಿ.

ಅಂಗನವಾಡಿ ಟೀಚರ್‌ಗೆ, ಆಶಾಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅವರ ಒಂದು ಗಂಟೆ ತೆಗೆದುಕೊಳ್ಳುವ ಯಾವುದೇ ಸಲಕರಣೆ ಅವರಿಗೆ ಒಂದು ಗಂಟೆಗಿಂತ ಹೆಚ್ಚನ್ನು ಮರಳಿಸಬೇಕು. ಇಲ್ಲವಾದರೆ ಅದನ್ನು ಕೈಬಿಡುವುದೇ ಸರಿ, ಎಷ್ಟೇ ಚೆನ್ನಾಗಿದ್ದರೂ. ಹೊಸ ಕಾಲಂ ಕೇಳುವವರಿಗೆ ನಾವೀಗ ಒಂದೇ ಪ್ರಶ್ನೆ ಕೇಳುತ್ತೇವೆ: ಈ ಉತ್ತರ ಬಂದರೆ ಮುಂದಿನ ವಾರ ಯಾರು ಏನನ್ನು ಬೇರೆ ರೀತಿ ಮಾಡುತ್ತಾರೆ? ಉತ್ತರ ಸಿಗದಿದ್ದರೆ ಕಾಲಂ ಬೇಡ.

ಪಟ್ಟಿ ತೆಗೆಯುವ ಎಕ್ಸೆಲ್ ಹಾಳೆಯನ್ನು ನಡೆಸುವವರೂ ಊರಿನವರೇ ಆಗಿರಬೇಕು. ನಮ್ಮಲ್ಲಿ ಪಟ್ಟಿ ತೆಗೆಯುವುದನ್ನು ಒಬ್ಬ ಮೇಲ್ವಿಚಾರಕಿ ಮತ್ತು ಪಿಯುಸಿ ಓದಿದ ಒಬ್ಬ ಆಶಾ ಕಲಿತಿದ್ದಾರೆ. ಸೂತ್ರವಿರುವ ಕಾಲಂಗಳಿಗೆ ಬೀಗ ಹಾಕಿಟ್ಟಿದ್ದೇವೆ, ತುಂಬಬೇಕಾದವುಗಳಿಗೆ ಹಳದಿ ಬಣ್ಣ. ಕರೆಂಟು ಹೋದ ವಾರ ಅವರು ಅದೇ ಪಟ್ಟಿಯನ್ನು ಕೈಯಲ್ಲಿ ಬರೆದು ಹಂಚಿದರು. ಇಷ್ಟು ದಿನದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸಂಗತಿ ಅದು.

8. ಪಟ್ಟಿಯಲ್ಲಿ ಇಲ್ಲದವರಿಗಾಗಿ ಒಂದು ಪಟ್ಟಿ ಬೇಕು.

ಮೊದಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಏಳನೇ ತಿಂಗಳಲ್ಲಿ ಹೋದವಳು ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ ಗಂಡನ ಮನೆಗೆ ಬರುತ್ತಾಳೆ. ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಗಳು ಬೀಳುವುದು ಸರಿಯಾಗಿ ಈ ನಡುವೆ. ಗಂಡನೂರಿನ ರಿಜಿಸ್ಟರಿನಲ್ಲಿ 'ತವರಿಗೆ ಹೋಗಿದ್ದಾಳೆ' ಎಂಬ ಷರಾ, ತವರೂರಿನ ರಿಜಿಸ್ಟರಿನಲ್ಲಿ ಅವಳ ಹೆಸರೇ ಇಲ್ಲ. ಎರಡೂ ಊರಿನ ಆಶಾಗಳು ತಮ್ಮ ತಮ್ಮ ಲೆಕ್ಕದ ಪ್ರಕಾರ ಸರಿ, ಕೂಸು ಮಾತ್ರ ಲಸಿಕೆಯಿಲ್ಲದೆ ಉಳಿಯುತ್ತದೆ.

ಇದಕ್ಕೆ ನಾವು 'ಈಗ ಎಲ್ಲಿದ್ದಾಳೆ' ಎಂಬ ಒಂದೇ ಕಾಲಂ ಸೇರಿಸಿದೆವು (ಪಾಠ 7ರ ಪ್ರಕಾರ ತಂದೆಯ ಉದ್ಯೋಗದ ಕಾಲಂ ತೆಗೆದೆವು). ತವರೂರು ನಮ್ಮ ತಾಲ್ಲೂಕಿನದೇ ಆದರೆ ಆ ಊರಿನ ಬುಧವಾರದ ಪಟ್ಟಿಯಲ್ಲಿ ಅವಳ ಹೆಸರು ತಾನಾಗಿ ಬರುತ್ತದೆ. ಹೊರಗಿನದಾದರೆ ಆಶಾ ಆ ಊರಿನ ಆಶಾಗೆ ಫೋನ್ ಮಾಡುತ್ತಾರೆ. ಇದು ತಕ್ಕಮಟ್ಟಿಗೆ ನಡೆಯುತ್ತಿದೆ.

ನಡೆಯದೇ ಇರುವುದು ಗುಳೆಯ ವಿಷಯದಲ್ಲಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಗೋವಾ ಎಂದು ಕುಟುಂಬಗಳು ಹೊರಡುತ್ತವೆ, ಯುಗಾದಿ ಹೊತ್ತಿಗೆ ಮರಳುತ್ತವೆ. ಅಷ್ಟೂ ತಿಂಗಳು ಆ ಮಕ್ಕಳಿಗೆ ಅಂಗನವಾಡಿಯ ಹಾಲಿಲ್ಲ, ಮೊಟ್ಟೆಯಿಲ್ಲ, ತೂಕವಿಲ್ಲ. ಶೇಕಡಾವಾರು ಇಳಿಯುತ್ತದೆಂಬ ಭಯಕ್ಕೆ ಅವರ ಹೆಸರಿಗೆ ಗೀಟು ಹೊಡೆದುಬಿಡುವುದೂ ಇದೆ. ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯನ್ನು ಬೇರೆ ಕೇಂದ್ರಕ್ಕೆ ವರ್ಗಾಯಿಸುವ ಅವಕಾಶವಿದೆ. ಆದರೆ ಯಾವ ಕೇಂದ್ರಕ್ಕೆ? ಹೊರಡುವಾಗ ಕುಟುಂಬಕ್ಕೇ ಗೊತ್ತಿರುವುದಿಲ್ಲ. ಗೊತ್ತಿರುವುದು ಕರೆದೊಯ್ಯುವ ಮೇಸ್ತ್ರಿಗೆ.

ಹಾಗಾಗಿ ಈ ವರ್ಷ ಕೆಲವು ಹಳ್ಳಿಗಳಲ್ಲಿ ಮೇಸ್ತ್ರಿಗಳಿಂದ ಶುರುಮಾಡಿದ್ದೇವೆ. ಯಾವ ಮೇಸ್ತ್ರಿ, ಎಷ್ಟು ಮನೆ, ಆರು ವರ್ಷದೊಳಗಿನ ಮಕ್ಕಳೆಷ್ಟು, ಶೆಡ್ ಇರುವ ಬಡಾವಣೆ ಯಾವುದು ಎಂದು ಟೀಚರ್ ಕೇಳಿ ಬರೆದುಕೊಳ್ಳುತ್ತಾರೆ. ಆ ಬಡಾವಣೆಗೆ ಹತ್ತಿರದ ನಗರ ಆರೋಗ್ಯ ಕೇಂದ್ರವನ್ನು ನಾವು ಹುಡುಕಿ, ಮಗುವಿನ ಕೊನೆಯ ತೂಕ, ಕೊನೆಯ ಲಸಿಕೆ, ಮುಂದಿನದರ ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಕವರಿನೊಳಗೆ ಹಾಕಿಕೊಡುತ್ತೇವೆ. ಕೆಲವು ಮೇಸ್ತ್ರಿಗಳು ಹೇಳಲು ಒಪ್ಪುವುದಿಲ್ಲ, ಕೆಲವರು ಹೇಳಿದ ಜಾಗಕ್ಕೆ ಹೋಗುವುದೇ ಇಲ್ಲ. ಎಷ್ಟು ಚೀಟಿ ಉಪಯೋಗಕ್ಕೆ ಬಂದವು ಎಂಬುದು ಜನ ಯುಗಾದಿಗೆ ಮರಳಿದ ಮೇಲೆ ತಾಯಿ ಕಾರ್ಡ್ ನೋಡಿದರೆ ತಿಳಿಯುತ್ತದೆ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆ ಇದನ್ನು ಬೇರೆ ರೀತಿಯಲ್ಲಿ ಮಾಡಿ ನೋಡಿದವರು ಇದ್ದರೆ, ನಿಮ್ಮ ಚೀಟಿಯಲ್ಲಿ ಏನೇನು ಬರೆಯುತ್ತೀರಿ, ಮೇಸ್ತ್ರಿಯನ್ನು ಹೇಗೆ ಒಪ್ಪಿಸಿದಿರಿ ಎಂಬುದನ್ನು ನಮಗೂ ತಿಳಿಸಿ. ನಮ್ಮ ಹಾಳೆ, ಸೂತ್ರಗಳ ಸಮೇತ, ಕೇಳಿದವರಿಗೆಲ್ಲ ಕೊಡುತ್ತೇವೆ.